ಶಿವಭೋಗಂ ಅವರ ಋಣ

ಮನೆಯ ಲೆಕ್ಕದಲ್ಲಿ ನಮ್ಮ ಹೆಣ್ಣುಮಕ್ಕಳನ್ನು ಮೀರಿಸುವವರಿಲ್ಲ. ಹಾಲಿನವರಿಗೆ ಎಷ್ಟು ದಿನದ ಬಾಕಿ, ಚೀಟಿಯ ಕಂತು ಎಂದು ಕಟ್ಟಬೇಕು, ಸಾಸಿವೆ ಡಬ್ಬಿಯಲ್ಲಿ ಕೂಡಿಟ್ಟದ್ದು ಎಷ್ಟು ಎಂಬುದೆಲ್ಲ ನಮ್ಮ ಅಮ್ಮಂದಿರಿಗೆ ಬಾಯಿಪಾಠ. ಆದರೆ ಒಂದು ಕಂಪನಿಯ ಜಮಾ ಖರ್ಚು ತಪಾಸಣೆ ಮಾಡಿ, ಸರಿಯಿದೆ ಎಂದು ಸಹಿ ಹಾಕುವ ಅಧಿಕಾರ ಹೆಣ್ಣಿಗೆ ಸಿಗಲು ಬಹಳ ಕಾಲ ಬೇಕಾಯಿತು. ಭಾರತದಲ್ಲಿ ಆ ಅಧಿಕಾರ ಪಡೆದ ಮೊದಲ ಮಹಿಳೆ ಆರ್. ಶಿವಭೋಗಂ. ನಾನು ನೆಲೆಸಿರುವ, ನಾನೂ ಅದೇ ವೃತ್ತಿ ಮಾಡುತ್ತಿರುವ ಈ ಚೆನ್ನೈಯವರೇ. ನಮ್ಮ ಮಹಿಳಾ ವೇದಿಕೆಯ ಸಂಚಿಕೆಗೆ ಬರೆಯಬೇಕೆಂದಾಗ ಮೊದಲು ನೆನಪಾದದ್ದು ಅವರ ಹೆಸರೇ.

ಲೆಕ್ಕಪರಿಶೋಧನೆಯ ವೃತ್ತಿ ನಮಗೆ ಬಂದದ್ದು ಇಂಗ್ಲೆಂಡಿನಿಂದ. ಅಲ್ಲಿಯೂ ಹೆಣ್ಣುಮಕ್ಕಳಿಗೆ ಬಾಗಿಲು ಸುಲಭವಾಗಿ ತೆರೆಯಲಿಲ್ಲ. ಮೇರಿ ಹ್ಯಾರಿಸ್ ಸ್ಮಿತ್ ಎಂಬಾಕೆ ಲಂಡನ್ನಿನಲ್ಲಿ ಸ್ವಂತ ಕಚೇರಿ ಇಟ್ಟುಕೊಂಡು ಕೆಲಸ ಮಾಡುತ್ತಿದ್ದರು. 1891ರಲ್ಲಿ ಅಲ್ಲಿನ ಚಾರ್ಟರ್ಡ್ ಅಕೌಂಟೆಂಟ್ಸ್ ಸಂಸ್ಥೆಗೆ ಸದಸ್ಯತ್ವ ಕೇಳಿದಾಗ, ಹೆಣ್ಣೆಂಬ ಕಾರಣಕ್ಕೆ ಇಲ್ಲ ಎಂದರು. ವೃತ್ತಿಗಳಲ್ಲಿ ಮಹಿಳೆಯರ ಮೇಲಿದ್ದ ನಿರ್ಬಂಧ ತೆಗೆಯುವ ಕಾನೂನು 1919ರಲ್ಲಿ ಬಂದ ಮೇಲೆ, 1920ರಲ್ಲಿ ಅವರನ್ನು ಸೇರಿಸಿಕೊಂಡರು. ಆಗ ಅವರಿಗೆ ವಯಸ್ಸು ಎಪ್ಪತ್ತು ದಾಟಿತ್ತು.

ಶಿವಭೋಗಂ ಹುಟ್ಟಿದ್ದು 1907ರ ಜುಲೈ 23ರಂದು. ಓದಿದ್ದು ಮರೀನಾ ಕಡಲತೀರದ ಎದುರಿಗಿರುವ ಕ್ವೀನ್ ಮೇರೀಸ್ ಕಾಲೇಜಿನಲ್ಲಿ. ಬಾಲವಿಧವೆಯರ ಓದಿಗಾಗಿ ಬದುಕನ್ನೇ ಮುಡಿಪಿಟ್ಟ ಸಿಸ್ಟರ್ ಸುಬ್ಬಲಕ್ಷ್ಮಿಯವರ ಪ್ರಭಾವ ಅವರ ಮೇಲೆ ಗಾಢವಾಗಿತ್ತು. ಸ್ವತಃ ಬಾಲವಿಧವೆಯಾಗಿದ್ದ ಸುಬ್ಬಲಕ್ಷ್ಮಿ 1911ರಲ್ಲಿ ಪದವಿ ಪಡೆದು, ತಮ್ಮಂಥ ಹುಡುಗಿಯರಿಗೆ ಮದ್ರಾಸಿನಲ್ಲಿ ಆಶ್ರಯಧಾಮ ನಡೆಸಿದವರು. ತಾನು ಕಲಿತು ಇನ್ನೊಬ್ಬಳ ಕೈಹಿಡಿಯಬೇಕೆಂಬ ಪಾಠ ಶಿವಭೋಗಂ ಅವರಿಗೆ ಅಲ್ಲಿಂದಲೇ ಬಂದಿರಬೇಕು ಎಂದು ನನ್ನ ಎಣಿಕೆ.

ಸ್ವದೇಶಿ ಚಳವಳಿಗೆ ಇಳಿದು ಅವರು ಒಂದು ವರ್ಷ ಜೈಲುವಾಸ ಅನುಭವಿಸಿದರು. ಹೊರಬಂದ ಮೇಲೆ ಸೇರಿದ್ದು ಅಕೌಂಟೆನ್ಸಿಯ ಸರ್ಕಾರಿ ಡಿಪ್ಲೊಮಾಗೆ. ಜಿಡಿಎ ಎಂದು ಕರೆಯುತ್ತಿದ್ದ ಈ ಡಿಪ್ಲೊಮಾವನ್ನು ಬೊಂಬಾಯಿ ಸರ್ಕಾರ 1918ರಲ್ಲಿ ಆರಂಭಿಸಿತ್ತು. 1933ರಲ್ಲಿ ಅದನ್ನು ಮುಗಿಸಿದ ದೇಶದ ಮೊದಲ ಮಹಿಳೆ ಎನಿಸಿಕೊಂಡರು. ಆದರೆ ಕಚೇರಿ ತೆರೆಯಲು ಆಗಲಿಲ್ಲ. ಜೈಲಿಗೆ ಹೋಗಿ ಬಂದವರು ಲೆಕ್ಕಪರಿಶೋಧಕರಾಗಿ ನೋಂದಾಯಿಸಿಕೊಳ್ಳುವಂತಿಲ್ಲ ಎಂಬ ನಿಯಮ ಅಡ್ಡ ಬಂತು. ಅವರು ಸುಮ್ಮನಾಗದೆ ನ್ಯಾಯಾಲಯದ ಮೆಟ್ಟಿಲೇರಿ ಗೆದ್ದರು. 1937ರಲ್ಲಿ ಸ್ವತಂತ್ರವಾಗಿ ವೃತ್ತಿ ಆರಂಭಿಸಿದರು.

ಸ್ವಾತಂತ್ರ್ಯ ಬಂದ ಮೇಲೆ, 1949ರ ಜುಲೈ 1ರಂದು ಭಾರತೀಯ ಚಾರ್ಟರ್ಡ್ ಅಕೌಂಟೆಂಟ್ಸ್ ಸಂಸ್ಥೆ ಅಸ್ತಿತ್ವಕ್ಕೆ ಬಂತು. ಮರುವರ್ಷವೇ ಶಿವಭೋಗಂ ಅದರ ಫೆಲೋ ಆದರು. 1955ರಿಂದ 1958ರವರೆಗೆ ಸಂಸ್ಥೆಯ ದಕ್ಷಿಣ ಭಾರತ ಪ್ರಾದೇಶಿಕ ಮಂಡಳಿಯ ಅಧ್ಯಕ್ಷರಾಗಿದ್ದರು. ಇಲ್ಲಿ ಕನ್ನಡಿಗರಿಗೂ ಒಂದು ನಂಟಿದೆ. ಕರ್ನಾಟಕದ ಸಿಎಗಳು ಇವತ್ತಿಗೂ ಚೆನ್ನೈನ ನುಂಗಂಬಾಕ್ಕಂನಲ್ಲಿರುವ ಈ ಮಂಡಳಿಯ ವ್ಯಾಪ್ತಿಗೇ ಸೇರಿದವರು. ಹಂಚಿಹೋಗಿದ್ದ ಕನ್ನಡನಾಡು 1956ರ ನವೆಂಬರ್ 1ರಂದು ಒಂದಾದಾಗ, ಮಂಡಳಿಯ ಅಧ್ಯಕ್ಷ ಪೀಠದಲ್ಲಿ ಇದ್ದದ್ದು ಈ ಹೆಣ್ಣುಮಗಳು.

ಇಷ್ಟೆಲ್ಲ ಸಾಧನೆಗಳಲ್ಲಿ ನನ್ನ ಮನಸ್ಸಿಗೆ ಹೆಚ್ಚು ಹತ್ತಿರವಾದದ್ದು ಬೇರೊಂದು ಸಂಗತಿ. ಸಿಎ ಅಂತಿಮ ಪರೀಕ್ಷೆಯನ್ನು ಮೊದಲ ಪ್ರಯತ್ನದಲ್ಲೇ ಪಾಸು ಮಾಡುವ ಅತ್ಯುತ್ತಮ ವಿದ್ಯಾರ್ಥಿನಿಗೆ 1956ರಿಂದ ಒಂದು ಬಹುಮಾನ ಸಿಗುವಂತೆ ಅವರು ಮಾಡಿದರು. ಆಗ ಈ ಪರೀಕ್ಷೆಗೆ ಕೂರುವ ಹೆಣ್ಣುಮಕ್ಕಳೇ ಅಪರೂಪ. ಹಾಗಿದ್ದೂ ಪ್ರತಿ ವರ್ಷ ಕೊಡಬೇಕಾದ ಬಹುಮಾನ ಇಡುವುದೆಂದರೆ, ಇನ್ನು ಮುಂದೆ ಹುಡುಗಿಯರು ಬಂದೇ ಬರುತ್ತಾರೆ ಎಂಬ ನಂಬಿಕೆಯಿಂದಲೇ. ಮೊದಲಿಗಳೆಂಬ ಹೆಸರು ತನ್ನೊಂದಿಗೇ ಮುಗಿಯಬಾರದು ಎಂದುಕೊಂಡವರು ಮಾತ್ರ ಹೀಗೆ ಮಾಡುತ್ತಾರೆ.

ಇದರ ಬೆಲೆ ತಿಳಿಯಬೇಕಾದರೆ ನಮ್ಮ ವೃತ್ತಿಯ ಕ್ರಮ ತಿಳಿದಿರಬೇಕು. ಸಿಎ ಆಗಲು ಪುಸ್ತಕ ಓದಿ ಪರೀಕ್ಷೆ ಬರೆದರೆ ಸಾಲದು. ವೃತ್ತಿಯಲ್ಲಿರುವ ಒಬ್ಬರ ಬಳಿ ವರ್ಷಗಟ್ಟಲೆ ಆರ್ಟಿಕಲ್‌ಶಿಪ್ ಮಾಡಬೇಕು. ಅಂದರೆ ಯಾರಾದರೂ ನಮ್ಮನ್ನು ತಮ್ಮ ಕಚೇರಿಗೆ ಸೇರಿಸಿಕೊಳ್ಳಬೇಕು. ಹಿಂದೆ ಇಂಗ್ಲೆಂಡಿನಲ್ಲಿ ಇದಕ್ಕಾಗಿ ಹುಡುಗನ ತಂದೆಯೇ ದೊಡ್ಡ ಮೊತ್ತ ಕಟ್ಟಬೇಕಿತ್ತು. ಬಡವರ ಮಕ್ಕಳು ಅಲ್ಲಿಗೇ ಹೊರಗುಳಿದರು. ಈಗ ನಮ್ಮಲ್ಲಿ ಕಲಿಯುವವರಿಗೇ ಸ್ಟೈಪೆಂಡ್ ಕೊಡಬೇಕೆಂಬ ನಿಯಮವಿದೆ. ಆದರೂ ಸೇರಿಸಿಕೊಳ್ಳುವ ಮನಸ್ಸು ನಿಯಮದಿಂದ ಬರುವುದಿಲ್ಲ. ನಾನು ಕಚೇರಿಯಿಂದ ಕಚೇರಿಗೆ ಅಲೆಯುತ್ತಿದ್ದ ಕಾಲದಲ್ಲಿ ಒಬ್ಬ ಹಿರಿಯರು ಅಂಕಪಟ್ಟಿ ನೋಡಿ ಮೆಚ್ಚಿಕೊಂಡರು. ಆಮೇಲೆ, "ಹೊರ ಊರಿನ ಆಡಿಟ್‌ಗೆ ಹುಡುಗೀರನ್ನ ಹೇಗಮ್ಮಾ ಕಳಿಸೋದು?" ಎಂದು ಅದನ್ನು ವಾಪಸು ಕೊಟ್ಟರು. ಕೊನೆಗೆ ನನ್ನನ್ನು ಸೇರಿಸಿಕೊಂಡವರೂ ಗಂಡಸರೇ. ಅವರು ಮೂರನೇ ವಾರವೇ ನನ್ನನ್ನು ಕೊಯಮತ್ತೂರಿನ ಗಿರಣಿಯೊಂದರ ಸ್ಟಾಕ್ ಲೆಕ್ಕಕ್ಕೆ ಕಳಿಸಿದರು. ಅಲ್ಲಿ ಹತ್ತಿಯ ಮೂಟೆ ಎಣಿಸಿದ ಎರಡು ದಿನ ನನಗೆ ಕಲಿಸಿದಷ್ಟನ್ನು ಯಾವ ಪುಸ್ತಕವೂ ಕಲಿಸಲಿಲ್ಲ.

ಆ ಋಣವನ್ನು ಅವರಿಗೇ ತೀರಿಸುವುದು ಸಾಧ್ಯವಿಲ್ಲ. ಮುಂದಿನವರಿಗೆ ದಾಟಿಸಬಹುದು ಅಷ್ಟೆ. ನನ್ನ ಪುಟ್ಟ ಕಚೇರಿಯಲ್ಲಿ ಪ್ರತಿ ವರ್ಷ ಒಂದು ಜಾಗವನ್ನು, ಮನೆಯಲ್ಲಿ ಈ ವೃತ್ತಿಯ ಗಂಧವೇ ಇಲ್ಲದ ಹುಡುಗಿಗೆ ಮೀಸಲಿಟ್ಟಿದ್ದೇನೆ. ಕನ್ನಡ ಮಾಧ್ಯಮದಿಂದ ಬಂದವರು, ತಮಿಳು ಮಾಧ್ಯಮದಿಂದ ಬಂದವರು, ಹೂವಿನ ಅಂಗಡಿಯವರ ಮಗಳು, ಮದುವೆಯಾಗಿ ಓದು ನಿಲ್ಲಿಸಿ ಮತ್ತೆ ಶುರುಮಾಡಿದವಳು ಹೀಗೆ ಬೇರೆಬೇರೆ ಹಿನ್ನೆಲೆಯವರು ಬಂದಿದ್ದಾರೆ. ಇದರಿಂದ ಕಚೇರಿಗೂ ಲಾಭವೇ. ಚಿಲ್ಲರೆ ವ್ಯಾಪಾರದ ದಿನದ ಆದಾಯ ಹೇಗೆ ಏರಿಳಿಯುತ್ತದೆಂದು ಹೂವಿನ ಅಂಗಡಿಯಲ್ಲಿ ಬೆಳೆದವಳಿಗೆ ನಾನು ಹೇಳಿಕೊಡಬೇಕಾಗಲಿಲ್ಲ. ಅವಳೇ ನನಗೆ ಹೇಳಿಕೊಟ್ಟಳು. ಇಂಗ್ಲಿಷಿನಲ್ಲಿ ಇಮೇಲ್ ಬರೆಯುವುದು, ಗ್ರಾಹಕರ ಮುಂದೆ ಅಳುಕದೆ ಪ್ರಶ್ನೆ ಕೇಳುವುದು, ಒಮ್ಮೆ ಫೇಲಾದರೆ ಎದೆಗುಂದದಿರುವುದು, ಇವಿಷ್ಟನ್ನು ಪಕ್ಕದಲ್ಲಿ ಕೂತು ಕಲಿಸಿದರೆ ಉಳಿದದ್ದನ್ನು ಅವರೇ ನೋಡಿಕೊಳ್ಳುತ್ತಾರೆ.

ಶಿವಭೋಗಂ 1966ರ ಜೂನ್ 14ರಂದು ತೀರಿಕೊಂಡರು. ಲೆಕ್ಕಪರಿಶೋಧಕರ ವಲಯದ ಆಚೆಗೆ ಅವರ ಹೆಸರು ಬಲ್ಲವರು ಕಡಿಮೆ.

ನಮ್ಮ ಸಂಘದಲ್ಲಿ ಸಿಎಗಳಿದ್ದಾರೆ, ವಕೀಲೆಯರಿದ್ದಾರೆ, ಬ್ಯಾಂಕಿನಿಂದ ನಿವೃತ್ತರಾದವರಿದ್ದಾರೆ. ನಮ್ಮ ಸದಸ್ಯರ ಮನೆಗಳಲ್ಲೇ ಪಿಯುಸಿ, ಬಿ.ಕಾಂ. ಮುಗಿಸಿ ಮುಂದೇನು ಎಂದು ಕೂತ ಹೆಣ್ಣುಮಕ್ಕಳೂ ಇದ್ದಾರೆ. ಇವರಿಬ್ಬರ ಪರಿಚಯ ರಾಜ್ಯೋತ್ಸವದ ಊಟದ ಪಂಕ್ತಿಯಲ್ಲಿ ಮಾತ್ರ ಆಗುತ್ತಿದೆ. ಅದನ್ನು ತಿಂಗಳಿಗೆ ಎರಡು ಗಂಟೆಯ ಭೇಟಿಯಾಗಿ ಬೆಳೆಸೋಣ. ಸಮಯ ಕೊಡಬಲ್ಲ ಸೋದರಿಯರು ವೇದಿಕೆಯ ಸಂಚಾಲಕಿಯರಿಗೆ ಹೆಸರು ಕೊಡಿ. ಮೊದಲ ಹೆಸರು ನನ್ನದು ಬರೆದುಕೊಳ್ಳಲಿ.