ಕೈ ಕಲಿತದ್ದು ಮನಸ್ಸು ಮರೆಯದು

ಸುವರ್ಣ ಮಹೋತ್ಸವದ ಸಂಚಿಕೆಗೆ ಲೇಖನ ಬೇಕೆಂದು ಸಮಿತಿಯವರು ಕೇಳಿದಾಗ ಶಾಲೆಯ ಚರಿತ್ರೆಯನ್ನೇ ಬರೆಯೋಣವೆಂದುಕೊಂಡಿದ್ದೆ. ಆದರೆ ಕಳೆದ ಜಾತ್ರೆಯಲ್ಲಿ ಸಿಕ್ಕ ಹಳೆಯ ವಿದ್ಯಾರ್ಥಿಯೊಬ್ಬ ನನ್ನ ವಿಷಯವನ್ನೇ ಬದಲಿಸಿದ. ಇಪ್ಪತ್ತೆರಡು ವರ್ಷ ಇಲ್ಲಿ ಇತಿಹಾಸ ಕಲಿಸಿದವನು ನಾನು. "ನನ್ನ ಪಾಠ ಏನಾದರೂ ನೆನಪಿದೆಯೇನಪ್ಪಾ?" ಎಂದೆ.

"ಪಾಣಿಪತ್ ಕದನಗಳ ಇಸವಿ ಮರೆತೇಹೋಯ್ತು ಸಾರ್. ಆದ್ರೆ ಕೆರೆ ಏರಿ ಮೇಲಿನ ವೀರಗಲ್ಲು ತೊಳೆಸಿದ್ರಲ್ಲ, ಅದರಲ್ಲಿ ಏನೇನಿದೆ ಅಂತ ಈಗ್ಲೂ ಹೇಳ್ತೀನಿ" ಎಂದ. ಹೇಳಿಯೂಬಿಟ್ಟ. ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ನಡುವೆ ವೀರನನ್ನು ಒಯ್ಯುವ ಅಪ್ಸರೆಯರು, ಮೇಲೆ ಶಿವಲಿಂಗದ ಸನ್ನಿಧಿ.

1526, 1556, 1761 ಎಂದು ಪ್ರತಿ ವರ್ಷವೂ ಟಿಪ್ಪಣಿ ಬರೆಸಿದ್ದೆ. ವೀರಗಲ್ಲು ತೊಳೆಸಿದ್ದು ಒಂದೇ ಒಂದು ಮಧ್ಯಾಹ್ನ.

ಮಾಡಿ ಕಲಿಯುವ ವಿಚಾರ ನಮ್ಮ ದೇಶದಲ್ಲಿ ಹೊಸದೇನಲ್ಲ. ಗಾಂಧೀಜಿಯವರು 1910ರಲ್ಲಿ ದಕ್ಷಿಣ ಆಫ್ರಿಕದ ಜೊಹಾನ್ಸ್‌ಬರ್ಗ್ ಬಳಿ ಟಾಲ್‌ಸ್ಟಾಯ್ ಫಾರ್ಮ್ ಆರಂಭಿಸಿದಾಗ ಅಲ್ಲಿನ ಮಕ್ಕಳು ಓದಿನ ಜೊತೆಗೆ ತೋಟದ ಕೆಲಸ ಮಾಡುತ್ತಿದ್ದರು, ಚಪ್ಪಲಿ ಹೊಲಿಯುವುದನ್ನೂ ಕಲಿತರು. ಅವರ ಗೆಳೆಯ ಕಾಲೆನ್‌ಬಾಕ್ ಆ ಕಸುಬನ್ನು ಕ್ರೈಸ್ತ ಮಠವೊಂದರಲ್ಲಿ ಕಲಿತು ಬಂದು ಗಾಂಧೀಜಿಗೂ ಹೇಳಿಕೊಟ್ಟಿದ್ದರು. ಆ ಅನುಭವವೇ ಬೆಳೆದು 1937ರ ಅಕ್ಟೋಬರ್‌ನಲ್ಲಿ ವಾರ್ಧಾ ಶಿಕ್ಷಣ ಸಮ್ಮೇಳನಕ್ಕೆ ಬಂತು. ಜಾಕಿರ್ ಹುಸೇನರ ಸಮಿತಿ ಯೋಜನೆ ರೂಪಿಸಿತು. ಏಳು ವರ್ಷದ ಕಡ್ಡಾಯ ಶಿಕ್ಷಣ, ಮಾತೃಭಾಷೆಯಲ್ಲಿ ಬೋಧನೆ, ಒಂದು ಕಸುಬಿನ ಸುತ್ತ ಎಲ್ಲ ಪಾಠ. ಇದನ್ನೇ ನಾವು ಮೂಲ ಶಿಕ್ಷಣ ಎಂದು ಕರೆದೆವು.

ಇದರ ಮರ್ಮ ಕಸುಬಿನಲ್ಲಷ್ಟೇ ಇರಲಿಲ್ಲ. ತಕಲಿಯಲ್ಲಿ ನೂಲುವ ಮಗು ಎಳೆ ಎಣಿಸುವಾಗ ಗಣಿತ ಕಲಿಯಬೇಕು, ಹತ್ತಿ ಎಲ್ಲಿ ಬೆಳೆಯುತ್ತದೆಂದು ಕೇಳುವಾಗ ಭೂಗೋಳ ಕಲಿಯಬೇಕು, ನಮ್ಮ ನೇಕಾರರು ಏಕೆ ಬಡವಾದರೆಂದು ಕೇಳುವಾಗ ಇತಿಹಾಸ ಕಲಿಯಬೇಕು. ಎಷ್ಟೋ ಕಡೆ ತಕಲಿ ಉಳಿಯಿತು, ಪ್ರಶ್ನೆ ಉಳಿಯಲಿಲ್ಲ. ಮಕ್ಕಳ ದುಡಿಮೆಯಿಂದ ಶಾಲೆಯ ಖರ್ಚು ತೂಗಿಸುವ ಮಾತಿಗೆ ಆಕ್ಷೇಪವೂ ಬಂತು. ಪರೀಕ್ಷೆಗಳಂತೂ ಕೈಕೆಲಸವನ್ನು ಲೆಕ್ಕಕ್ಕೇ ಹಿಡಿಯಲಿಲ್ಲ. ಮುಂದೆ 1964–66ರ ಕೊಠಾರಿ ಆಯೋಗ ಇದೇ ವಿಚಾರವನ್ನು 'ಕಾರ್ಯಾನುಭವ' ಎಂಬ ಹೆಸರಿನಲ್ಲಿ ಮತ್ತೆ ಎತ್ತಿತು. 1995ರಲ್ಲಿ ನಮ್ಮದೇ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ 'ನಲಿ-ಕಲಿ' ಹುಟ್ಟಿತು.

ಮಾಡಿದ್ದು ಏಕೆ ನೆನಪಿರುತ್ತದೆ? ಜರ್ಮನಿಯ ಎಬಿಂಗ್‌ಹೌಸ್ ಎಂಬ ವಿದ್ವಾಂಸ ಅರ್ಥವಿಲ್ಲದ ಅಕ್ಷರಗುಂಪುಗಳನ್ನು ಬಾಯಿಪಾಠ ಮಾಡಿ ತನ್ನ ಮೇಲೆಯೇ ಪ್ರಯೋಗ ನಡೆಸಿದ. ಕಲಿತದ್ದರ ಹೆಚ್ಚಿನ ಪಾಲು ಒಂದೇ ದಿನದಲ್ಲಿ ಮಾಸುತ್ತದೆಂದು 1885ರಲ್ಲಿ ಪ್ರಕಟಿಸಿದ. ನೂರು ವರ್ಷದ ಬಳಿಕ, 1980ರ ದಶಕದಲ್ಲಿ, ಮನೋವಿಜ್ಞಾನಿಗಳು ಬೇರೊಂದು ಪರೀಕ್ಷೆ ಮಾಡಿದರು. 'ಬೆಂಕಿಕಡ್ಡಿ ಮುರಿ' ಎಂಬಂಥ ಮಾತುಗಳನ್ನು ಕೇಳಿದವರಿಗಿಂತ, ಕೇಳಿ ಹಾಗೆಯೇ ಮಾಡಿದವರಿಗೆ ಅವು ಹೆಚ್ಚು ನೆನಪಿದ್ದವು. 'ಓದಿದ್ದು ಶೇಕಡಾ 10, ಮಾಡಿದ್ದು ಶೇಕಡಾ 90 ನೆನಪಿರುತ್ತದೆ' ಎಂದು ತರಬೇತಿಗಳಲ್ಲಿ ಹೇಳುವುದನ್ನು ನೀವೂ ಕೇಳಿರಬಹುದು. ಅದಕ್ಕೆ ಸಂಶೋಧನೆಯ ಆಧಾರವಿಲ್ಲ. 1946ರಲ್ಲಿ 'ಅನುಭವದ ಶಂಕು' ಬರೆದ ಎಡ್ಗರ್ ಡೇಲ್ ಅದರಲ್ಲಿ ಯಾವ ಶೇಕಡಾವನ್ನೂ ಹಾಕಿರಲಿಲ್ಲ. ಅಂಕಿ ಸುಳ್ಳಾದರೂ ಅನುಭವ ಸುಳ್ಳಲ್ಲ.

ನಮ್ಮ ಶಾಲೆ ಕಾರ್ಯಾನುಭವದ ಗಾಳಿ ಬೀಸುತ್ತಿದ್ದ ಕಾಲದಲ್ಲೇ ಆರಂಭವಾಯಿತು. ಕಟ್ಟಡದ ಹಿಂದಿನ ಹತ್ತು ಗುಂಟೆ ತೋಟ ಆಗಿನದು. 33 ಅಡಿ ಉದ್ದ, 33 ಅಡಿ ಅಗಲ ಅಂದರೆ ಒಂದು ಗುಂಟೆ. ಅಂಥ 40 ಗುಂಟೆ ಸೇರಿದರೆ ಒಂದು ಎಕರೆ. ಇದನ್ನು ಮಕ್ಕಳು ಹಗ್ಗ ಹಿಡಿದು ಅಳೆದೇ ಕಲಿತರು. ಆ ತಲೆಮಾರಿನವರು ಇಂದಿಗೂ ಹೊಲದ ಬದುವಿನ ಮೇಲೆ ನಿಂತು ಬಾಯಲ್ಲೇ ಲೆಕ್ಕ ಹೇಳುತ್ತಾರೆ.

ಆ ತೋಟ ಒಣಗಲು ಕಾರಣ ನಾನು. ಪ್ರಭಾರ ಮುಖ್ಯ ಶಿಕ್ಷಕನಾಗಿದ್ದಾಗ ಎಸ್.ಎಸ್.ಎಲ್.ಸಿ. ಫಲಿತಾಂಶ ಏರಿಸಬೇಕೆಂದು ವಾರದ ಎರಡು ತೋಟದ ಅವಧಿಗಳನ್ನು ವಿಶೇಷ ತರಗತಿಗೆ ತೆಗೆದುಕೊಂಡೆ. ಫಲಿತಾಂಶ ಏರಿತು, ಎಲ್ಲರೂ ಬೆನ್ನು ತಟ್ಟಿದರು. ತೋಟದ ಅವಧಿ ಮಾತ್ರ ಮತ್ತೆ ವೇಳಾಪಟ್ಟಿಗೆ ಬರಲಿಲ್ಲ. ಜಾತ್ರೆಯ ಆ ಮಾತು ಕೇಳುವವರೆಗೂ ನಾನು ಮಾಡಿದ್ದೇ ಸರಿ ಎಂದುಕೊಂಡಿದ್ದೆ.

ಈಗ ಸುವರ್ಣ ಮಹೋತ್ಸವದ ನೆನಪಿಗೆ ಅದೇ ಜಾಗದಲ್ಲಿ ರಂಗಮಂದಿರ ಕಟ್ಟುವ ಮಾತು ನಡೆದಿದೆ. ರಂಗಮಂದಿರ ಬೇಡವೆಂದು ನಾನು ಹೇಳಲಾರೆ, ನಾಟಕವೂ ಮಾಡಿ ಕಲಿಯುವ ವಿದ್ಯೆಯೇ. ಆಟದ ಮೈದಾನದ ಪಡುವಣ ಮೂಲೆಯಲ್ಲಿ ಅದಕ್ಕೆ ಜಾಗವಿದೆ. ಹತ್ತು ಗುಂಟೆಯನ್ನು ಮಕ್ಕಳಿಗೆ ಬಿಟ್ಟುಕೊಡಿ ಎಂದು ಹಿರಿಯರಲ್ಲಿ, ಹಳೆಯ ವಿದ್ಯಾರ್ಥಿಗಳಲ್ಲಿ ಬೇಡುತ್ತೇನೆ. ಬೇಲಿಯ ಖರ್ಚಿಗೆ ನನ್ನ ಒಂದು ತಿಂಗಳ ಪಿಂಚಣಿ ಕೊಡುತ್ತೇನೆ.

ಸಮಾರಂಭ ಮುಗಿದ ಮರುದಿನ ಬೆಳಿಗ್ಗೆ ಕೊಡ ಹಿಡಿದು ಕೆರೆ ಏರಿಗೆ ಹೋಗುವವನಿದ್ದೇನೆ. ವೀರಗಲ್ಲಿನ ಮೇಲೆ ಮತ್ತೆ ಪಾಚಿ ಕಟ್ಟಿದೆ. ಬರುವವರು ಮಕ್ಕಳನ್ನೂ ಕರೆತನ್ನಿ.