ಮೂರು ತ್ರಿಕೋನದ ಬೋರ್ಡು

ಬ್ರಿಟನ್ನಿನ ಯಾವ ಊರಿಗಾದರೂ ಹೋಗಿ, ಅದರ ಹಿಂದುಗಡೆಯ ಬೀದಿಗಳಲ್ಲಿ ಒಂದು ನೀಲಿ ಬೋರ್ಡು ಕಣ್ಣಿಗೆ ಬೀಳುತ್ತದೆ. ರೈಲ್ವೆ ಸೇತುವೆಯ ಕಮಾನಿನ ಕೆಳಗೆ, ಟೈರ್ ಅಂಗಡಿಯ ನೆತ್ತಿಯ ಮೇಲೆ, ಪೆಟ್ರೋಲ್ ಬಂಕಿನ ಮಗ್ಗುಲ ಸಂದಿಯಲ್ಲಿ. ಬೋರ್ಡಿನ ಮೇಲೆ ಮೂರು ಬಿಳಿ ತ್ರಿಕೋನ. ಅದು ನೇತಾಡುತ್ತಿರುವ ಗ್ಯಾರೇಜಿನವನು ನಿಮ್ಮ ಕಾರನ್ನು ವರ್ಷಕ್ಕೊಮ್ಮೆ ಪರೀಕ್ಷೆ ಮಾಡಿ, ರಸ್ತೆಗಿಳಿಯಲು ಲಾಯಕ್ಕು ಎಂದು ಸರ್ಕಾರದ ಪರವಾಗಿ ಹೇಳಬಲ್ಲ. ಅದಕ್ಕೆ ಎಂಒಟಿ ಎನ್ನುತ್ತಾರೆ. ಇಂಥ ಜಾಗಗಳು ಈಗ ಸುಮಾರು 23 ಸಾವಿರ ಇವೆ. ಅಂಚೆ ಕಚೇರಿಗಳು ಅದರ ಅರ್ಧದಷ್ಟು ಇದ್ದರೆ ಹೆಚ್ಚು.

ಸರ್ಕಾರದ ಮಾತು ಹೇಳುವ ಅಧಿಕಾರ ಇಷ್ಟೊಂದು ಗ್ರೀಸ್ ಮೆತ್ತಿದ ಕೈಗಳಿಗೆ ಹೋದದ್ದು ಹೇಗೆ ಎಂಬುದು ಇಲ್ಲಿ ಹುಟ್ಟಿ ಬೆಳೆದವರಿಗೆ ಹೊಳೆಯುವ ಪ್ರಶ್ನೆಯೇ ಅಲ್ಲ. ನಾನು ಅರಸೀಕೆರೆಯ ಲಾರಿ ಮಾಲೀಕರ ಮಗಳು. ಕೊಬ್ಬರಿ ಹೊರುತ್ತಿದ್ದ ನಮ್ಮಪ್ಪನ ಗಾಡಿ ಟಾಟಾದವರು ಜರ್ಮನಿಯ ಕಂಪನಿಯ ಜೊತೆಗೂಡಿ ತಯಾರಿಸುತ್ತಿದ್ದ ಕಾಲದ್ದು. ಊರಲ್ಲಿ ಎಲ್ಲರೂ ‘ಬೆಂಜ್ ಲಾರಿ’ ಅನ್ನುತ್ತಿದ್ದರು. ಅದರ ಎಫ್‌ಸಿ ಬಂತೆಂದರೆ ಮನೆಯಲ್ಲಿ ಮದುವೆ ಹತ್ತಿರ ಬಂದಂಥ ಗಡಿಬಿಡಿ. ಬಾಡಿಗೆ ಬಣ್ಣ, ಲೈಟಿಗೆ ಹೊಸ ಬಲ್ಬು, ಗೆಳೆಯರೊಬ್ಬರ ಲಾರಿಯಿಂದ ಎರಡು ದಿನಕ್ಕೆ ಕಡ ತಂದ ಒಳ್ಳೆಯ ಟೈರು. ಆ ಟೈರು ಎಫ್‌ಸಿ ಮುಗಿದ ಸಂಜೆಯೇ ವಾಪಸ್ಸು. 1939ರ ಮೋಟಾರು ವಾಹನ ಕಾಯ್ದೆ ಬಾಡಿಗೆ ಓಡುವ ಗಾಡಿಗಳಿಗೆ ಈ ಅರ್ಹತಾಪತ್ರವನ್ನು ಕಡ್ಡಾಯ ಮಾಡಿತ್ತು. 1988ರ ಕಾಯ್ದೆಯಲ್ಲೂ ಅದು ಮುಂದುವರಿಯಿತು. ಪರೀಕ್ಷೆ ಮಾಡುವವರು ಬ್ರೇಕ್ ಇನ್ಸ್‌ಪೆಕ್ಟರು. ಅವರು ಡ್ರೈವರ್ ಪಕ್ಕ ಹತ್ತಿ ಕೂತು, ಗಾಡಿ ಸ್ವಲ್ಪ ವೇಗ ಹಿಡಿದ ಮೇಲೆ ಥಟ್ಟನೆ ಬ್ರೇಕ್ ಹಾಕಿಸುತ್ತಿದ್ದರು. ಗ್ಯಾರೇಜಿನ ಸಾಬರಿಗೆ ನಮ್ಮ ಲಾರಿಯ ಒಂದೊಂದು ಬೋಲ್ಟೂ ಗೊತ್ತಿತ್ತು. ಆದರೆ ಅವರ ಮಾತಿಗೆ ಕಾಗದದ ಮೇಲೆ ಬೆಲೆಯಿರಲಿಲ್ಲ.

ಬ್ರಿಟನ್ನು ಇದನ್ನು ತಿರುಗುಮುರುಗು ಮಾಡಿತು. ಯುದ್ಧ ಮುಗಿದಾಗ ದೇಶ ಸಾಲದಲ್ಲಿ ಮುಳುಗಿತ್ತು. ತಯಾರಾದ ಹೊಸ ಕಾರುಗಳಲ್ಲಿ ಬಹುಪಾಲು ಡಾಲರಿಗಾಗಿ ಹಡಗು ಹತ್ತಿ ಹೋಗುತ್ತಿದ್ದವು. ಊರಿನವರು ಹೊಸ ಕಾರಿಗೆ ಹೆಸರು ಬರೆಸಿ ವರ್ಷಗಟ್ಟಲೆ ಕಾಯಬೇಕಿತ್ತು. ಹೀಗಾಗಿ 1930ರ ದಶಕದ ಆಸ್ಟಿನ್, ಮೋರಿಸ್ ಕಾರುಗಳು ತೇಪೆ ಹಾಕಿಸಿಕೊಂಡು 1950ರ ದಶಕದಲ್ಲೂ ಓಡುತ್ತಲೇ ಇದ್ದವು. ಅವುಗಳಲ್ಲಿ ಎಷ್ಟೋ ಕಾರುಗಳ ಬ್ರೇಕು ಸರಳಿನ ಮೇಲೆ, ತಂತಿಯ ಮೇಲೆ ನಡೆಯುವಂಥದ್ದು. 1956ರ ರಸ್ತೆ ಸಂಚಾರ ಕಾಯ್ದೆ ಹಳೆಯ ಗಾಡಿಗಳ ಪರೀಕ್ಷೆಗೆ ದಾರಿ ಮಾಡಿಕೊಟ್ಟಿತು, ಆದರೆ ಕಾಗದದಿಂದ ರಸ್ತೆಗೆ ಬರಲು ನಾಲ್ಕು ವರ್ಷ ಹಿಡಿಯಿತು. ಅಷ್ಟರಲ್ಲಿ, 1959ರ ನವೆಂಬರ್ 2ರಂದು, ಎಂ1 ಹೆದ್ದಾರಿ ತೆರೆಯಿತು. ಅದರ ಮೇಲೆ ವೇಗದ ಮಿತಿಯೇ ಇರಲಿಲ್ಲ. ಹಳ್ಳಿ ರಸ್ತೆಯಲ್ಲಿ ಮೂವತ್ತು ಮೈಲಿ ವೇಗದಲ್ಲಿ ಓಡಿಕೊಂಡಿದ್ದ ಮುದಿ ಕಾರುಗಳನ್ನು ಜನ ಅಲ್ಲಿಗೆ ತಂದು ಪೂರ್ತಿ ತುಳಿದರು. ಕುದಿಯುವ ರೇಡಿಯೇಟರು, ಸಿಡಿದ ಟೈರು, ಅಂಚಿನಲ್ಲಿ ಬಾನೆಟ್ ತೆಗೆದು ನಿಂತ ಕುಟುಂಬಗಳು. ಉದ್ಘಾಟನೆಗೆ ಬಂದಿದ್ದ ಸಾರಿಗೆ ಸಚಿವ ಅರ್ನೆಸ್ಟ್ ಮಾರ್ಪಲ್ಸ್ ಆ ಓಟ ಕಂಡು ಗಾಬರಿಯಾದರಂತೆ.

ಅವರ ಕಾಲದಲ್ಲೇ, 1960ರ ಸೆಪ್ಟೆಂಬರ್ 12ರಂದು, ಎಂಒಟಿ ಶುರುವಾಯಿತು. ಹತ್ತು ವರ್ಷ ತುಂಬಿದ ಗಾಡಿಗಳಿಗೆ ಮಾತ್ರ. ನೋಡುತ್ತಿದ್ದದ್ದು ಬ್ರೇಕು, ಲೈಟು, ಸ್ಟೀರಿಂಗು, ಅಷ್ಟೇ. ಇಷ್ಟು ಗಾಡಿಗಳನ್ನು ಪರೀಕ್ಷಿಸುವ ಕಟ್ಟಡವೂ ಸರ್ಕಾರದ ಬಳಿ ಇರಲಿಲ್ಲ, ಇನ್ಸ್‌ಪೆಕ್ಟರುಗಳೂ ಇರಲಿಲ್ಲ. ಆದರೆ ಹೊಂಡವೋ ರಾಂಪೋ ಇರುವ ಗ್ಯಾರೇಜುಗಳು ಬೀದಿಬೀದಿಯಲ್ಲಿದ್ದವು. ಅವುಗಳಲ್ಲಿ ಯೋಗ್ಯವಾದವನ್ನು ಆರಿಸಿ ಪರವಾನಗಿ ಕೊಟ್ಟರು; ಶುಲ್ಕಕ್ಕೆ ಮೇಲ್ಮಿತಿ ಹಾಕಿದರು. ಗ್ಯಾರೇಜುಗಳ ಜೊತೆಗೆ ಕೆಲವು ಪುರಸಭೆಗಳ ವರ್ಕ್‌ಶಾಪುಗಳಿಗೂ ಅನುಮತಿ ಸಿಕ್ಕಿತು. ಈ ಸಣ್ಣ ಸಂಗತಿ ಮುಂದೆ ನನ್ನಂಥವರಿಗೆ ದೊಡ್ಡ ಉಪಕಾರ ಮಾಡಿತು.

ಮೊದಲ ತಿಂಗಳುಗಳಲ್ಲಿ ಫೇಲಾದ ಗಾಡಿಗಳ ಪ್ರಮಾಣ ಕಂಡು ಸರ್ಕಾರವೇ ಬೆಚ್ಚಿತು. ಹತ್ತು ವರ್ಷದ ಮಿತಿ 1961 ಮುಗಿಯುವುದರೊಳಗೆ ಏಳಕ್ಕೆ ಇಳಿಯಿತು. 1962ರಿಂದ ಎಂಒಟಿ ಚೀಟಿ ಇಲ್ಲದೆ ರಸ್ತೆ ತೆರಿಗೆ ಕಟ್ಟಿಸಿಕೊಳ್ಳುವಂತಿಲ್ಲ ಎಂದಾಯಿತು. 1967ರಲ್ಲಿ ಮಿತಿ ಮೂರು ವರ್ಷಕ್ಕೆ ಬಂದು ನಿಂತಿತು. ಇವತ್ತಿಗೂ ಅಲ್ಲೇ ಇದೆ. ನಾಲ್ಕಕ್ಕೆ ಏರಿಸಬೇಕೆಂಬ ಪ್ರಸ್ತಾಪ ಮತ್ತೆ ಮತ್ತೆ ಏಳುತ್ತದೆ, ತಣ್ಣಗಾಗುತ್ತದೆ. 2024ರ ಜನವರಿಯಲ್ಲೂ ತಣ್ಣಗಾಯಿತು.

ಲಾರಿ ಮನೆಯವಳಾದ ನನಗೆ ಇನ್ನೊಂದು ವಿಷಯ ಬಹಳ ಸ್ವಾರಸ್ಯ ಅನ್ನಿಸುತ್ತದೆ. ಕಾರುಗಳನ್ನು ಗ್ಯಾರೇಜಿಗೆ ಬಿಟ್ಟ ಇದೇ ಸರ್ಕಾರ ಭಾರಿ ಲಾರಿಗಳನ್ನು ಯಾರ ಕೈಗೂ ಕೊಡಲಿಲ್ಲ. ಅವುಗಳ ವಾರ್ಷಿಕ ಪರೀಕ್ಷೆ 1968ರಲ್ಲಿ ಆರಂಭವಾದಾಗ ಅದಕ್ಕಾಗಿ ಸರ್ಕಾರಿ ಕೇಂದ್ರಗಳನ್ನೇ ಕಟ್ಟಿದರು. ಈಗ ಜಾಗ ಖಾಸಗಿಯವರದ್ದಾಗಿರುವುದುಂಟು, ಆದರೆ ಲಾರಿ ನೋಡಲು ಸರ್ಕಾರದ ನೌಕರನೇ ಅಲ್ಲಿಗೆ ಬರುತ್ತಾನೆ. ಅಂದರೆ ಗ್ಯಾರೇಜಿನವರ ಮೇಲಿನ ನಂಬಿಕೆಗೂ ಒಂದು ತೂಕದ ಮಿತಿ ಇತ್ತು!

ನಾನು ಇಲ್ಲಿಗೆ ಬಂದದ್ದು 1978ರಲ್ಲಿ, ವುಲ್ವರ್‌ಹ್ಯಾಂಪ್ಟನ್ನಿನ ಆಸ್ಪತ್ರೆಗೆ ಜೂನಿಯರ್ ಡಾಕ್ಟರಾಗಿ. ರಾತ್ರಿ ಪಾಳಿ ಮುಗಿಸಿ ಚಳಿಯಲ್ಲಿ ಬಸ್ಸಿಗೆ ಕಾದು ಸಾಕಾಗಿ ಹಳೆಯ ಆಸ್ಟಿನ್ 1100 ಕೊಂಡೆ. ಆಗ ಪತ್ರಿಕೆಯ ಜಾಹೀರಾತಿನಲ್ಲಿ ಕಾರಿನ ಬಣ್ಣ, ಬೆಲೆ, ಅದರ ಪಕ್ಕದಲ್ಲೇ ಎಂಒಟಿ ಇನ್ನೆಷ್ಟು ತಿಂಗಳಿದೆ ಎಂದು ಹಾಕುತ್ತಿದ್ದರು. ಪೂರಾ ಹನ್ನೆರಡು ತಿಂಗಳಿದ್ದರೆ ಮಾರುವವನು ಬೆಲೆ ಇಳಿಸುತ್ತಿರಲಿಲ್ಲ. ನನ್ನ ಕಾರಿಗೆ ಉಳಿದದ್ದು ಸ್ವಲ್ಪವೇ. ಹಾಗಾಗಿ ಅಗ್ಗಕ್ಕೆ ಸಿಕ್ಕಿತ್ತು. ಅವಧಿ ಮುಗಿಯುವ ಹೊತ್ತಿಗೆ ಎಲ್ಲಿ ಪರೀಕ್ಷೆ ಮಾಡಿಸಲಿ ಎಂದು ಆಸ್ಪತ್ರೆಯಲ್ಲಿ ಕೇಳಿದೆ. ಒಬ್ಬೊಬ್ಬರದು ಒಂದೊಂದು ಗ್ಯಾರೇಜು, ಒಂದೊಂದು ಕಥೆ. ‘ಅವನು ಚಿಕ್ಕ ತೂತಿಗೂ ಫೇಲ್ ಮಾಡುತ್ತಾನೆ’, ‘ಇವನು ಕಣ್ಣು ಮುಚ್ಚಿ ಪಾಸು ಮಾಡುತ್ತಾನೆ, ಆದರೆ ಆ ಕಾರಲ್ಲಿ ನೀನು ಕೂರಬೇಕಲ್ಲ’. ಸ್ಟ್ರೆಚರ್ ತಳ್ಳುತ್ತಿದ್ದ ಒಬ್ಬ ಹಿರಿಯ ಹೇಳಿದ್ದು ಮಾತ್ರ ನೆನಪಿನಲ್ಲಿ ಉಳಿದಿದೆ: ಪುರಸಭೆಯ ಗಾಡಿಗಳು ನಿಲ್ಲುವ ಡಿಪೋಗೆ ಹೋಗು, ಅಲ್ಲಿ ಬರೀ ಪರೀಕ್ಷೆ, ರಿಪೇರಿ ಇಲ್ಲ, ನಿನ್ನನ್ನು ಫೇಲ್ ಮಾಡಿ ಅವರಿಗೆ ಆಗಬೇಕಾದ್ದು ಏನೂ ಇಲ್ಲ. ಈಗಲೂ ಬುದ್ಧಿವಂತರು ಹೊಸಬರಿಗೆ ಇದೇ ಗುಟ್ಟು ಹೇಳಿಕೊಡುತ್ತಾರೆ. ಕಸದ ಲಾರಿಗಳ ಸಾಲಿನ ಹಿಂದೆ ನಮ್ಮ ಕಾರಿಗೂ ಒಂದು ರಾಂಪು.

ಅಲ್ಲಿ ನನ್ನ ಆಸ್ಟಿನ್ ಫೇಲಾಯಿತು, ಲಕ್ಷಣವಾಗಿ ಫೇಲಾಯಿತು. 1977ರಲ್ಲಿ ಪರೀಕ್ಷೆಯ ಪಟ್ಟಿಗೆ ವೈಪರ್, ಇಂಡಿಕೇಟರ್, ಹಾರನ್, ಹೊಗೆ ಕೊಳವೆಗಳ ಜೊತೆ ಬಾಡಿ ಮತ್ತು ಚಾಸಿಯ ಗಟ್ಟಿತನವನ್ನೂ ಸೇರಿಸಿದ್ದರು. ನನ್ನ ಕಣ್ಣಿಗೆ ಎಂಒಟಿಯ ಚರಿತ್ರೆಯಲ್ಲಿ ಇಷ್ಟು ಗಾಡಿಗಳನ್ನು ಕೊಂದ ತಿದ್ದುಪಡಿ ಬೇರೆ ಇಲ್ಲ. ಚಳಿಗಾಲದಲ್ಲಿ ಹಿಮ ಕರಗಿಸಲು ಇಲ್ಲಿ ರಸ್ತೆಗೆ ಉಪ್ಪು ಸುರಿಯುತ್ತಾರೆ. ಆ ಉಪ್ಪುನೀರು ಕಾರಿನ ಹೊಟ್ಟೆಯೊಳಗೆ ಸೇರಿ, ಬಣ್ಣ ಹೊಳೆಯುತ್ತಿರುವಾಗಲೇ ಒಳಗಿನ ತಗಡನ್ನು ತಿಂದು ಮುಗಿಸಿರುತ್ತದೆ. 1960ರ ದಶಕದಲ್ಲಿ ಈ ದೇಶದಲ್ಲಿ ಅತಿ ಹೆಚ್ಚು ಮಾರಾಟವಾದ ಕಾರುಗಳಲ್ಲಿ ಒಂದಾದ ಆಸ್ಟಿನ್ 1100ಕ್ಕೆ ಹಿಂಬದಿಯ ಸಬ್‌ಫ್ರೇಮೇ ಮೃತ್ಯು. ಟೆಸ್ಟರು ಕಾರಿನ ಕೆಳಗೆ ನಿಂತು ಸಣ್ಣ ಸುತ್ತಿಗೆಯಿಂದ ಅಲ್ಲಲ್ಲಿ ತಟ್ಟುತ್ತಾ ಹೋದ. ನಮ್ಮೂರ ಮಂಡಿಯಲ್ಲಿ ದಲ್ಲಾಳಿ ತೆಂಗಿನಕಾಯಿಯನ್ನು ಗೆಣ್ಣಿನಿಂದ ತಟ್ಟಿ, ಒಡೆಯದೆಯೇ ಒಳಗಿನ ಕೊಳೆ ಹೇಳುತ್ತಿದ್ದನಲ್ಲ, ಅದೇ ಕಿವಿ. ಗಟ್ಟಿ ತಗಡು ಠಣ್ ಎನ್ನುತ್ತದೆ, ತಿಂದುಹೋದದ್ದು ಬೊದ್ದು. ತಟ್ಟಿದ ಕಡೆ ತುಕ್ಕಿನ ಪುಡಿ ಉದುರಿ ಅವನ ಟೋಪಿಯ ಮೇಲೆ ಬಿತ್ತು. ಚಕ್ರದ ತೂಗುಸಾಧನವೋ ಸೀಟ್ ಬೆಲ್ಟೋ ಬಿಗಿದಿರುವ ಜಾಗದಿಂದ ಮೂವತ್ತು ಸೆಂಟಿಮೀಟರಿನೊಳಗೆ ಲೋಹ ಹೀಗೆ ಕೊಳೆತಿದ್ದರೆ ಪಾಸಿಲ್ಲ. ಅದೇ ತೂತು ಅದರಾಚೆ ಬೇರೆ ಕಡೆ ಇದ್ದರೆ ಬಹಳಷ್ಟು ಸಲ ನಡೆಯುತ್ತದೆ. ಒಂದು ಅಡಿಯ ಲೆಕ್ಕ.

ರಿಪೇರಿಯ ಖರ್ಚು ಕಾರಿನ ಬೆಲೆಯನ್ನು ಮೀರುತ್ತಿತ್ತು. ಆ ವರ್ಷಗಳಲ್ಲಿ ಇಂಥ ಲಕ್ಷಾಂತರ ಕಾರುಗಳು ಗುಜರಿಗೆ ಹೋದವು. ಇಂಜಿನ್ ಸದ್ದು ಚೆನ್ನಾಗಿಯೇ ಇರುತ್ತಿತ್ತು.

ತಮ್ಮನ ಮಗ ಒಮ್ಮೆ ಇಲ್ಲಿಗೆ ಬಂದಿದ್ದಾಗ ಇದೆಲ್ಲ ಹೇಳಿದೆ. ಅಪ್ಪನ ಲಾರಿ ವ್ಯವಹಾರ ಈಗ ಅವನ ಕೈಲಿದೆ. ಅವನು ಕೇಳಿದ ಮೊದಲ ಪ್ರಶ್ನೆ: “ಅಲ್ಲಾ ಅತ್ತೆ, ರಿಪೇರಿ ಮಾಡೋನೇ ಪರೀಕ್ಷೆನೂ ಮಾಡಿದ್ರೆ, ಫೇಲ್ ಮಾಡದೆ ಬಿಡ್ತಾನಾ?”

ಬ್ರಿಟಿಷರು ಈ ಪ್ರಶ್ನೆಗೆ ಒಂದೇ ಉತ್ತರ ಹುಡುಕಲಿಲ್ಲ, ಅರವತ್ತು ವರ್ಷಗಳಿಂದ ತೇಪೆ ಹಾಕುತ್ತಲೇ ಬಂದಿದ್ದಾರೆ. ಪರೀಕ್ಷೆ ನಡೆಯುವುದನ್ನು ಗಿರಾಕಿ ನಿಂತು ನೋಡಲು ಜಾಗ ಇರಲೇಬೇಕು. ಮಧ್ಯೆ ಬಾಯಿ ಹಾಕುವಂತಿಲ್ಲ, ಅಷ್ಟೇ. ಫೇಲಾದ ಗಾಡಿಯನ್ನು ಅಲ್ಲೇ ರಿಪೇರಿ ಮಾಡಿಸಬೇಕೆಂಬ ಕಟ್ಟುಪಾಡಿಲ್ಲ. ತೀರ್ಪು ಸರಿಯಿಲ್ಲ ಅನ್ನಿಸಿದರೆ ರಿಪೇರಿಗೆ ಮುಂಚೆಯೇ ಮೇಲ್ಮನವಿ ಹಾಕಬಹುದು, ಸರ್ಕಾರದ ಇಲಾಖೆಯವರು ಬಂದು ಮತ್ತೆ ನೋಡುತ್ತಾರೆ. ಇಲಾಖೆಯವರು ಗಿರಾಕಿಯ ವೇಷದಲ್ಲಿ ದೋಷವಿರುವ ಕಾರು ತಂದು ಟೆಸ್ಟರನ್ನೇ ಪರೀಕ್ಷಿಸುವುದೂ ಉಂಟು. ಇವೆಲ್ಲಕ್ಕಿಂತ ಜಾಣತನದ್ದು ಎಂದು ನನಗೆ ಕಾಣುವುದು ಪಾಸು–ಫೇಲುಗಳ ನಡುವಿನ ‘ಸಲಹೆ’ ಎಂಬ ಸಾಲು: ಟೈರು ಸವೆಯುತ್ತಿದೆ, ಬ್ರೇಕ್ ಪೈಪಿಗೆ ತುಕ್ಕು ಹಿಡಿಯುತ್ತಿದೆ, ಗಮನವಿರಲಿ. ಪ್ರಾಮಾಣಿಕ ಮೆಕ್ಯಾನಿಕ್ಕಿಗೆ ಅದು ಗಾಡಿಯನ್ನು ನಿಲ್ಲಿಸದೆಯೇ ಎಚ್ಚರಿಕೆ ಕೊಡುವ ದಾರಿ.

ಕಳ್ಳದಾರಿಗಳೂ ಇದ್ದವು. ಕಾಗದದ ಕಾಲದಲ್ಲಿ ಪ್ರತಿ ಗ್ಯಾರೇಜಿಗೂ ಉಬ್ಬುಮುದ್ರೆ ಒತ್ತುವ ಒಂದು ಯಂತ್ರವಿತ್ತು. ಮುದ್ರೆಯ ಮೇಲೆ ಬೆರಳಾಡಿಸಿ ನೋಡಿಯೇ ಅಂಚೆ ಕಚೇರಿಯ ಕೌಂಟರಿನ ಹೆಂಗಸು ತೆರಿಗೆಯ ಬಿಲ್ಲೆ ಕೊಡುತ್ತಿದ್ದಳು. ಖಾಲಿ ಚೀಟಿಗಳ ಪುಸ್ತಕ ಕದ್ದು ಮಾರುವವರಿಗೆ ಒಳ್ಳೆಯ ವ್ಯಾಪಾರವಿತ್ತು. 2006ರ ಹೊತ್ತಿಗೆ ಎಲ್ಲವೂ ಕಂಪ್ಯೂಟರಿಗೆ ಹೋಯಿತು. ಈಗ ನಂಬರ್ ಪ್ಲೇಟ್ ಗೊತ್ತಿದ್ದರೆ ಸಾಕು, ಆ ಕಾರು ಯಾವ ವರ್ಷ ಯಾಕೆ ಫೇಲಾಯಿತು, ಆಗ ಎಷ್ಟು ಮೈಲಿ ಓಡಿತ್ತು ಎಂದು ಯಾರು ಬೇಕಾದರೂ ನೋಡಬಹುದು. ಮೀಟರು ಹಿಂದಕ್ಕೆ ತಿರುಗಿಸಿ ಮಾರುತ್ತಿದ್ದವರ ಹೊಟ್ಟೆಗೆ ಇದು ಹೊಡೆಯಿತು. ಆದರೆ ಕಾರನ್ನು ನೋಡದೆಯೇ ಕಂಪ್ಯೂಟರಿನಲ್ಲಿ ಪಾಸು ಮಾಡುವ ಹೊಸ ವಿದ್ಯೆಯೂ ಹುಟ್ಟಿತು. ಅದನ್ನು ಹಿಡಿಯಲು ಗಾಡಿ ರಾಂಪಿನ ಬಳಿ ನಿಂತ ಫೋಟೊ ಕಡ್ಡಾಯ ಮಾಡಬಹುದೇ ಎಂದು ಇತ್ತೀಚೆಗೆ ಪ್ರಯೋಗ ನಡೆಸಿದ್ದಾರೆ.

ಹಾಗಾದರೆ ಎಲ್ಲವನ್ನೂ ಸರ್ಕಾರವೇ ಇಟ್ಟುಕೊಳ್ಳುವುದು ಮೇಲಲ್ಲವೇ? ಅದಕ್ಕೂ ಇದೇ ದೇಶದಲ್ಲಿ ಉದಾಹರಣೆ ಇದೆ. ಉತ್ತರ ಐರ್ಲೆಂಡಿನಲ್ಲಿ ಪರೀಕ್ಷೆ ಬೀದಿಯ ಗ್ಯಾರೇಜಿನಲ್ಲಿ ನಡೆಯುವುದಿಲ್ಲ. ಕೆಲವೇ ಸರ್ಕಾರಿ ಕೇಂದ್ರಗಳಲ್ಲಿ, ನಾಲ್ಕು ವರ್ಷ ತುಂಬಿದ ಕಾರುಗಳಿಗೆ. ರಿಪೇರಿಯ ಆಸೆಯ ಮಾತೇ ಇಲ್ಲ. 2020ರ ಜನವರಿಯಲ್ಲಿ ಆ ಕೇಂದ್ರಗಳ ಕಾರು ಎತ್ತುವ 55 ಲಿಫ್ಟುಗಳಲ್ಲಿ 48ರಲ್ಲಿ ಬಿರುಕು ಕಾಣಿಸಿತು. ಇಡೀ ಪ್ರಾಂತ್ಯದ ಕಾರು ಪರೀಕ್ಷೆ ನಿಂತುಹೋಯಿತು. ಜನರಿಗೆ ತಾತ್ಕಾಲಿಕ ವಿನಾಯಿತಿ ಪತ್ರ ಕೊಟ್ಟು ಕಳಿಸಿದರು. ನೆಚ್ಚಿನ ಗ್ಯಾರೇಜಿನ ಲಿಫ್ಟು ಕೆಟ್ಟರೆ ನಾನು ಪಕ್ಕದ ಬೀದಿಗೆ ಹೋಗುತ್ತೇನೆ. ಅವರಿಗೆ ಪಕ್ಕದ ಬೀದಿಯೇ ಇರಲಿಲ್ಲ. ಗ್ಯಾರೇಜಿನವನ ದುರಾಸೆಯನ್ನು ಹದ್ದಿನಲ್ಲಿಡಬಹುದು, ಸರ್ಕಾರಿ ಕೇಂದ್ರದ ಕ್ಯೂವನ್ನು ಇಡಲಾಗದು ಎಂಬುದು ನನ್ನ ಪಕ್ಷ. ಮನೆಯಿಂದ ನಡೆದು ಹೋಗುವಷ್ಟು ಹತ್ತಿರ ನಾಲ್ಕು ಬೋರ್ಡುಗಳಿದ್ದರೆ ಅವರವರ ಪೈಪೋಟಿಯೇ ಅರ್ಧ ಕಾವಲು. ಕಾರಿಗೆ ಶುಲ್ಕದ ಮೇಲ್ಮಿತಿ 54 ಪೌಂಡು 85 ಪೆನ್ಸ್ ಎಂದಿದ್ದರೂ ಎಷ್ಟೋ ಕಡೆ ಅದಕ್ಕಿಂತ ಕಡಿಮೆಗೆ ಮಾಡಿಕೊಡುತ್ತಾರೆ.

ಇದರ ನಡುವೆ ಕಾನೂನು ಒಂದು ತಮಾಷೆಯನ್ನೂ ಮಾಡಿದೆ. ಮುದಿ ಕಾರುಗಳ ಭಯದಿಂದ ಹುಟ್ಟಿದ ಈ ಪರೀಕ್ಷೆಯಿಂದ, ದೊಡ್ಡ ಮಾರ್ಪಾಡಿಲ್ಲದ ನಲವತ್ತು ವರ್ಷ ದಾಟಿದ ಗಾಡಿಗಳಿಗೆ 2018ರ ಮೇ ತಿಂಗಳಿಂದ ವಿನಾಯಿತಿ. ಉಳಿದವು ಕಡಿಮೆ, ಓಡುವುದು ಭಾನುವಾರ, ಸಾಕುವವರು ಮಕ್ಕಳಿಗಿಂತ ಹೆಚ್ಚು ನಿಗಾ ವಹಿಸುತ್ತಾರೆ ಎಂಬುದು ವಾದ. ನನ್ನ ಆಸ್ಟಿನ್ ಬದುಕಿದ್ದರೆ ಇವತ್ತು ಯಾರೂ ಸುತ್ತಿಗೆ ಹಿಡಿದು ಅದರ ಕೆಳಗೆ ಹೋಗುವಂತಿರಲಿಲ್ಲ.

ಊರ ಕಡೆ ಈಗ ಗಾಳಿ ಬೇರೆ ದಿಕ್ಕಿಗೆ ಬೀಸುತ್ತಿದೆ. 2021ರ ಸೆಪ್ಟೆಂಬರಿನಲ್ಲಿ ಕೇಂದ್ರ ಸರ್ಕಾರ ಯಂತ್ರಗಳೇ ಅಳೆಯುವ ಸ್ವಯಂಚಾಲಿತ ಪರೀಕ್ಷಾ ಕೇಂದ್ರಗಳಿಗೆ ನಿಯಮ ಮಾಡಿತು. ಭಾರಿ ವಾಹನಗಳಿಗೆ ಅಲ್ಲೇ ಎಫ್‌ಸಿ ಎಂಬ ಕಡ್ಡಾಯ 2023ರ ಏಪ್ರಿಲಿನಿಂದ ಎಂದಿದ್ದದ್ದು 2024ರ ಅಕ್ಟೋಬರಿಗೆ ಮುಂದೆ ಹೋಯಿತು. ಖಾಸಗಿಯವರೂ ಕೇಂದ್ರ ನಡೆಸಬಹುದು. ಆದರೆ ಬ್ರಿಟನ್ನು 1960ರಲ್ಲಿ ತೆರೆದಿಟ್ಟ ಬಾಗಿಲಿಗೆ ಇವರು ಮೊದಲೇ ಬೀಗ ಹಾಕಿದ್ದಾರೆ: ಕೇಂದ್ರ ನಡೆಸುವವರು ಅಲ್ಲಿ ಗಾಡಿ ರಿಪೇರಿ ಮಾಡುವಂತಿಲ್ಲ, ಗಾಡಿಯಾಗಲಿ ಬಿಡಿಭಾಗವಾಗಲಿ ಮಾರುವಂತಿಲ್ಲ. ಹೋದ ವಾರ ಫೋನಿನಲ್ಲಿ ತಮ್ಮನ ಮಗನಿಗೆ ಇದನ್ನು ಹೇಳಿ, ನಿನ್ನ ಪ್ರಶ್ನೆಗೆ ಉತ್ತರ ಸಿಕ್ಕಿತಲ್ಲಪ್ಪ ಅಂದೆ.

“ನೀವೊಬ್ರು ಅತ್ತೆ,” ಅಂದ. “ಫೇಲ್ ಆದ ಲಾರಿನ ಅಷ್ಟು ದೂರದಿಂದ ವಾಪಸ್ ಊರಿಗೆ ಓಡಿಸ್ಕೊಂಡು ಬರಕ್ಕಾಯ್ತದಾ? ಸೆಂಟರ್ ಗೇಟ್ ಎದುರಿಗೇ ಅವರ ಬಾಮೈದ ಯಾರಾದ್ರೂ ಗ್ಯಾರೇಜ್ ಇಟ್ಟಿರ್ತಾನೆ ಬಿಡಿ.”