ನರರೋಗಿಗಳ ಶುಶ್ರೂಷೆ

ಪಾರ್ಶ್ವವಾಯು, ಅಪಸ್ಮಾರ, ಮಿದುಳಿನ ಪೆಟ್ಟು, ಬೆನ್ನುಹುರಿಯ ಗಾಯ ಮುಂತಾದ ನರಮಂಡಲದ ತೊಂದರೆಗಳಿರುವವರಿಗೆ ದಾದಿಯರು ನೀಡುವ ಆರೈಕೆ. ಕರ್ನಾಟಕದಲ್ಲಿ ಇದರ ಮುಖ್ಯ ಕೇಂದ್ರ ಬೆಂಗಳೂರಿನ ನಿಮ್ಹಾನ್ಸ್. ಹಳೆಯ ಮಾನಸಿಕ ಆಸ್ಪತ್ರೆಯೂ 1954ರ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯೂ 1974ರಲ್ಲಿ ಒಂದಾಗಿ ಇದು ರೂಪುಗೊಂಡಿತು. ಅದೇ ವರ್ಷ ಟೀಸ್‌ಡೇಲ್ ಮತ್ತು ಜೆನೆಟ್ ಪ್ರಕಟಿಸಿದ, ರೋಗಿಯ ಪ್ರಜ್ಞೆಯ ಮಟ್ಟ ಅಳೆಯುವ ಗ್ಲಾಸ್ಗೋ ಕೋಮಾ ಮಾಪಕ ಇಂದಿಗೂ ಬಳಕೆಯಲ್ಲಿದೆ. ಕಣ್ಣು ತೆರೆಯುವುದು, ಮಾತು, ಚಲನೆ ನೋಡಿ 3ರಿಂದ 15ರವರೆಗೆ ಅಂಕ ಕೊಡುತ್ತಾರೆ. ಕಣ್ಣಿಗೆ ಟಾರ್ಚ್ ಬೆಳಕು ಬಿಟ್ಟು ಎರಡೂ ಪಾಪೆಗಳನ್ನು ಹೋಲಿಸುತ್ತಾರೆ. ಅಂಕ ಇಳಿದರೆ ವೈದ್ಯರನ್ನು ತಕ್ಷಣ ಕರೆಯಬೇಕು.

ಮಾತಿಗೆ ಅಂಕ ಕೊಡಲು ಕೇಳುವ “ಈಗ ಎಲ್ಲಿದ್ದೀರಿ?” ಎಂಬಂಥ ಪ್ರಶ್ನೆಯನ್ನು ರೋಗಿಯ ಮನೆಮಾತಿನಲ್ಲೇ ಕೇಳಬೇಕು. ತೆಲಂಗಾಣದ ನಾರಾಯಣಪೇಟೆ ಜಿಲ್ಲೆಯ ಮರಿಕಲ್, ಮಕ್ತಲ್ ಕಡೆಯ ಕನ್ನಡ ಮಾತಾಡುವ ಅಜ್ಜಿಯನ್ನು ಅವರಿಗೆ ತಿಳಿಯದ ಭಾಷೆಯಲ್ಲಿ ಕೇಳಿ, ಉತ್ತರ ಬರಲಿಲ್ಲವೆಂದು ಅಂಕ ಕಡಿಮೆ ಮಾಡುವುದು ಅನ್ಯಾಯ, ಅಪಾಯವೂ ಹೌದು.

ಪಾರ್ಶ್ವವಾಯು ಬಡಿದವರಿಗೆ ನುಂಗುವ ಶಕ್ತಿ ಪರೀಕ್ಷಿಸುವ ಮುನ್ನ ನೀರು, ಗಂಜಿ, ಮಾತ್ರೆ ಏನನ್ನೂ ಬಾಯಿಗೆ ಹಾಕಬಾರದು. ಅದು ಶ್ವಾಸಕೋಶಕ್ಕೆ ಇಳಿದರೆ ನ್ಯುಮೋನಿಯಾ ಆಗಬಹುದು. ಸಾಮಾನ್ಯವಾಗಿ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುತ್ತಾರೆ. ಇಲ್ಲದಿದ್ದರೆ ಸೊಂಟ, ಹಿಮ್ಮಡಿಗಳಲ್ಲಿ ಹುಣ್ಣಾಗುತ್ತದೆ. ಫಿಟ್ಸ್ ಬಂದಾಗ ಪಕ್ಕಕ್ಕೆ ಮಲಗಿಸಿ, ಎಷ್ಟು ಹೊತ್ತು ಇತ್ತೆಂದು ಬರೆದಿಡಬೇಕು. ಬಾಯಿಗೆ ಚಮಚ ತುರುಕುವುದು, ಕೈಗೆ ಕಬ್ಬಿಣ ಕೊಡುವುದು ಬೇಡವೆಂದು ಮನೆಯವರಿಗೆ ಕಲಿಸುವುದೂ ದಾದಿಯ ಕೆಲಸವೇ.